ಹಳಗನ್ನಡ ಕಾವ್ಯಗಳಲ್ಲಿ ಇತಿಹಾಸ ಮತ್ತು ಪುರಾಣಗಳ ಸೂಚನೆ

ನಮ್ಮ ಉಪನಗರದ ಕೆಲವು ಕನ್ನಡ ಕುಟುಂಬಗಳು ತಿಂಗಳಿಗೊಮ್ಮೆ ಒಂದೆಡೆ ಸೇರಿ ಹಳಗನ್ನಡ ಕಾವ್ಯವನ್ನು ಓದುವ ಪದ್ಧತಿಯನ್ನು ಇಟ್ಟುಕೊಂಡಿವೆ. ಕಳೆದ ಮಳೆಗಾಲದಲ್ಲಿ ರನ್ನನ ‘ಗದಾಯುದ್ಧ’ವನ್ನು ಓದುತ್ತಿದ್ದಾಗ, ಇಲ್ಲಿಯೇ ಹುಟ್ಟಿ ಬೆಳೆದ, ಮನೆಯಲ್ಲಿ ಕನ್ನಡವನ್ನೂ ಬೀದಿಯಲ್ಲಿ ಮರಾಠಿಯನ್ನೂ ಆಡುವ ಒಬ್ಬ ವಿದ್ಯಾರ್ಥಿನಿ ಎರಡು ಪ್ರಶ್ನೆಗಳನ್ನು ಕೇಳಿದಳು. ದುರ್ಯೋಧನನ ತೊಡೆ ಮುರಿಯುವ ಭೀಮನ ಕಾವ್ಯದಲ್ಲಿ ಕೊಂಕಣದ ಅರಸನಾದ ಅಪರಾಜಿತನು ಏಕೆ ಬಂದ ಎಂಬುದು ಮೊದಲನೆಯದು. ಕೊಂಕಣವೆಂದರೆ ನಾವಿರುವ ನೆಲವೇ ಅಲ್ಲವೇ, ಅದರ ಊರನ್ನು ಸುಟ್ಟವನ ಹೊಗಳಿಕೆಯನ್ನು ನಾವು ಸಂತೋಷದಿಂದ ಓದಬೇಕೇ ಎಂಬುದು ಎರಡನೆಯದು. ಮೊದಲನೆಯದಕ್ಕೆ ಅಂದೇ ತಕ್ಕಮಟ್ಟಿಗೆ ಉತ್ತರ ಹೇಳಿದೆನು. ಎರಡನೆಯದು ನನ್ನೊಡನೆ ಮನೆಗೆ ಬಂದಿತು. ಪ್ರಕೃತ ಲೇಖನವು ಆ ಎರಡನ್ನೂ ಕುರಿತದ್ದು. ಬಲ್ಲವರಿಗೆ ಇದರಲ್ಲಿ ಹೊಸ ಸಂಗತಿಗಳು ಹೆಚ್ಚಿಲ್ಲ. ಬಿಡಿಬಿಡಿಯಾಗಿ ತಿಳಿದಿರುವುದನ್ನು ಒಟ್ಟಿಗೆ ಇಟ್ಟು ನೋಡುವುದಷ್ಟೇ ನನ್ನ ಉದ್ದೇಶ.

ಹಳೆಯ ಕವಿ ತನ್ನ ಕಾಲದ ಮಾತನ್ನು ನೇರವಾಗಿ ಆಡದೆ ಬೇರೊಂದು ಕಾಲದ ಹೆಸರಿನಿಂದ ಆಡುವುದು ಕನ್ನಡಕ್ಕೆ ಮಾತ್ರ ಮೀಸಲಾದ ರೂಢಿಯಲ್ಲ. ಚೀನೀ ಕಾವ್ಯದಲ್ಲಿ ಇದೊಂದು ದೊಡ್ಡ ಸಂಪ್ರದಾಯವೇ ಆಗಿದೆ. ಟಾಂಗ್ ವಂಶದ ಕಾಲದ ದು ಫು ತನ್ನ ಚಕ್ರವರ್ತಿಯ ಯುದ್ಧದಾಹವನ್ನು ಖಂಡಿಸಬೇಕಾದಾಗ ಅವನ ಹೆಸರೆತ್ತುವುದಿಲ್ಲ. ಎಂಟು ನೂರು ವರ್ಷಗಳ ಹಿಂದಿನ ಹಾನ್ ವಂಶದ ವೂ ಚಕ್ರವರ್ತಿಯನ್ನು ಮುಂದಿಡುತ್ತಾನೆ. ಬೈ ಜ್ಯೂಯಿ ಎಂಬ ಕವಿ 806ರಲ್ಲಿ ಟಾಂಗ್ ಚಕ್ರವರ್ತಿ ಷುವಾನ್‌ಜೋಂಗನ ಪ್ರಣಯವನ್ನೂ ಪತನವನ್ನೂ ಹಾಡಿದಾಗ ಅವನ ನಾಯಕನೂ ‘ಹಾನ್ ಅರಸ’ನೇ. ಓದುಗರಿಗೆ ಇದು ಯಾರ ಕಥೆ ಎಂಬುದು ಗೊತ್ತು. ಓದುಗರಿಗೆ ಗೊತ್ತಿದೆ ಎಂಬುದು ಕವಿಗೂ ಗೊತ್ತು. ಹೀಗೆ ಹಳೆಯ ಹೆಸರು ಅಲ್ಲಿ ಅನೇಕ ವೇಳೆ ತೆರೆಯ ಕೆಲಸ ಮಾಡುತ್ತದೆ. ಹತ್ತನೆಯ ಶತಮಾನದ ನಮ್ಮ ಚಂಪೂಕವಿಗಳಲ್ಲಿ ಹಳೆಯ ಹೆಸರು ತೆರೆಯಲ್ಲ, ಕಿರೀಟ. ಬದುಕಿರುವ ಅರಸನ ತಲೆಯ ಮೇಲೆ ಅರ್ಜುನನದೋ ಭೀಮನದೋ ಕಿರೀಟವನ್ನು ಇಟ್ಟು ಅವನನ್ನು ಸಭೆಗೆ ತೋರಿಸುತ್ತಾರೆ. ಅಲ್ಲಿ ಮರೆಮಾಡುವುದಕ್ಕೆ ಬಂದದ್ದು ಇಲ್ಲಿ ಮೆರೆಸುವುದಕ್ಕೆ ಬಂದಿದೆ. ಎರಡು ಕಡೆಯೂ ಕವಿ ನೆಚ್ಚುವುದು ಮಾತ್ರ ಒಂದನ್ನೇ: ಓದುಗನ ನೆನಪನ್ನು.

ಹಳಗನ್ನಡ ಕಾವ್ಯದ ಇಂತಹ ಸೂಚನೆಗಳನ್ನು ಅನುಕೂಲಕ್ಕಾಗಿ ಮೂರು ಬಗೆಯಾಗಿ ವಿಂಗಡಿಸಬಹುದು. ಮೊದಲನೆಯದು ಪುರಾಣಸೂಚನೆ. ಬಲಿ, ಶಿಬಿ, ಜೀಮೂತವಾಹನ ಎಂದು ಒಂದು ಹೆಸರು ಹೇಳಿ ಒಂದು ಇಡೀ ಕಥೆಯನ್ನು ಎದುರಿಗೆ ತಂದು ನಿಲ್ಲಿಸುವುದು. ಎರಡನೆಯದು ಬಿರುದು. ಅರಸನ ಬಿರುದನ್ನು ಕಥಾಪಾತ್ರಕ್ಕೆ ತೊಡಿಸಿದೊಡನೆ ಪಾತ್ರದ ಹಿಂದೆ ಅರಸ ಕಾಣಿಸಿಕೊಳ್ಳುತ್ತಾನೆ. ಪಂಪನ ಅರ್ಜುನನನ್ನು ‘ಉದಾತ್ತನಾರಾಯಣ’, ‘ಗುಣಾರ್ಣವ’ ಎಂದು ಕರೆದಾಗ ಅದು ವೇಮುಲವಾಡದ ಚಾಳುಕ್ಯ ಅರಸ ಇಮ್ಮಡಿ ಅರಿಕೇಸರಿಯನ್ನು ಕರೆದಂತೆ. ಆ ಕವಿಯ ‘ಕವಿತಾಗುಣಾರ್ಣವ’ ಎಂಬ ಬಿರುದು ಅರಸನ ‘ಗುಣಾರ್ಣವ’ಕ್ಕೆ ಹಿಡಿದ ಕನ್ನಡಿ. ಮೂರನೆಯದು, ಎಲ್ಲಕ್ಕಿಂತ ದೊಡ್ಡದು, ಸಮೀಕರಣ. ಇಡೀ ಕಾವ್ಯದುದ್ದಕ್ಕೂ ಪುರಾಣದ ನಾಯಕನನ್ನೂ ಆಶ್ರಯದಾತನನ್ನೂ ಒಬ್ಬನೇ ಎಂಬಂತೆ ನಡೆಸಿಕೊಂಡು ಹೋಗುವುದು. ಕ್ರಿ. ಶ. 941ರ ಪಂಪನ ‘ವಿಕ್ರಮಾರ್ಜುನ ವಿಜಯ’ದಲ್ಲಿ ಅರಿಕೇಸರಿಯೇ ಅರ್ಜುನ, ರನ್ನನ ‘ಗದಾಯುದ್ಧ’ದಲ್ಲಿ ಕಲ್ಯಾಣದ ಚಾಳುಕ್ಯ ವಂಶದ ಸತ್ಯಾಶ್ರಯ ಇರಿವಬೆಡಂಗನೇ ಭೀಮ. ಅದಕ್ಕೆ ‘ಸಾಹಸಭೀಮ ವಿಜಯ’ ಎಂಬ ಇನ್ನೊಂದು ಹೆಸರು ಬಂದುದೂ ಈ ಕಾರಣದಿಂದಲೇ.

ಪುರಾಣಸೂಚನೆ ಕೇವಲ ಅಲಂಕಾರವೆಂದು ತಿಳಿಯಬಾರದೆಂಬುದಕ್ಕೆ ನಮ್ಮ ನೆರೆಯಲ್ಲಿಯೇ ಒಂದು ನಿದರ್ಶನವಿದೆ. ಠಾಣೆಯಿಂದ ಉತ್ತರ ಕೊಂಕಣವನ್ನು ಆಳಿದ ಶಿಲಾಹಾರರು ತಮ್ಮ ತಾಮ್ರಪಟಗಳಲ್ಲಿ ತಾವು ವಿದ್ಯಾಧರ ಜೀಮೂತವಾಹನನ ವಂಶದವರೆಂದು ಹೇಳಿಕೊಳ್ಳುತ್ತಾರೆ. ಗರುಡನಿಗೆ ಆಹಾರವಾಗಬೇಕಿದ್ದ ನಾಗನೊಬ್ಬನನ್ನು ಉಳಿಸಲು ಜೀಮೂತವಾಹನನು ತಾನೇ ವಧ್ಯಶಿಲೆಯ ಮೇಲೆ ಮಲಗಿದ ಕಥೆಯನ್ನು ಹರ್ಷನ ‘ನಾಗಾನಂದ’ ನಾಟಕದಿಂದ ವಾಚಕರು ಬಲ್ಲರು. ಶಿಲೆಯ ಮೇಲಿನ ಆಹಾರವೆಂಬ ಅರ್ಥದಿಂದ ವಂಶದ ಹೆಸರನ್ನೇ ಈ ಕಥೆಗೆ ಹೊಂದಿಸಲಾಯಿತು; ಅವರ ಧ್ವಜದಲ್ಲಿ ಚಿನ್ನದ ಗರುಡನಿದ್ದನು. ಒಂದು ಸಾಮಂತ ಮನೆತನವು ತನ್ನನ್ನು ಗೆದ್ದವರ ಸಾಲಿನಲ್ಲಿ ಇರಿಸಿಕೊಳ್ಳದೆ ಪರರಿಗಾಗಿ ದೇಹವನ್ನು ಒಪ್ಪಿಸಿದವನ ಸಾಲಿನಲ್ಲಿ ಇರಿಸಿಕೊಂಡದ್ದು ಗಮನಿಸತಕ್ಕ ಸಂಗತಿ. ಈ ಅರಸರ ಸಂಸ್ಕೃತ ತಾಮ್ರಪಟಗಳಲ್ಲಿಯೂ ‘ಗಂಡ’ ಶಬ್ದವುಳ್ಳ ಕನ್ನಡ ಬಿರುದುಗಳು ಅಲ್ಲಲ್ಲಿ ತಲೆಯೆತ್ತುತ್ತವೆ.

ಇನ್ನು ಸಮೀಕರಣದ ವಿಚಾರ. ಅರಸನನ್ನು ಅರ್ಜುನನೆಂದು ಒಮ್ಮೆ ಹೇಳಿದ ಮೇಲೆ ಕವಿ ಅದರ ಬೆಲೆಯನ್ನೂ ತೆರಬೇಕಾಗುತ್ತದೆ. ಐವರಿಗೆ ಒಬ್ಬಳೇ ಪತ್ನಿ ಎಂಬುದು ಅರಿಕೇಸರಿಗೆ ಒಪ್ಪುವ ಮಾತಲ್ಲ. ಆದುದರಿಂದ ಪಂಪನ ದ್ರೌಪದಿ ಅರ್ಜುನನೊಬ್ಬನ ಹೆಂಡತಿ. ಯುದ್ಧದ ಕೊನೆಯಲ್ಲಿ ಪಟ್ಟವಾಗುವುದು ಧರ್ಮರಾಜನಿಗಲ್ಲ, ಅರ್ಜುನನಿಗೆ. ಅವನ ಪಕ್ಕದಲ್ಲಿ ಮಹಾದೇವಿಯಾಗಿ ಕುಳಿತುಕೊಳ್ಳುವವಳು ಸುಭದ್ರೆ. ಜೂಜಿನ ಅವಮಾನದಲ್ಲಿ ನೊಂದ ದ್ರೌಪದಿ ಕೊನೆಗೆ ಸಿಂಹಾಸನದ ಬಳಿ ಇಲ್ಲದಿರುವುದನ್ನು ಎಷ್ಟೋ ಸಹೃದಯರು ಕೊರತೆಯೆಂದು ಎಣಿಸಿದ್ದಾರೆ. ಆ ಕೊರತೆಯೇ ನಮಗೆ ಒಂದು ಸಾಕ್ಷಿ. ವ್ಯಾಸನ ಕಥೆ ಎಲ್ಲೆಲ್ಲಿ ಬಾಗಿದೆಯೋ ಅಲ್ಲಲ್ಲಿ ಅದನ್ನು ಬಾಗಿಸಿದ ಆಸ್ಥಾನದ ಭಾರವನ್ನು ಅಳೆಯಬಹುದು.

ಬ್ಯಾಂಕಿನ ಕೆಲಸದಲ್ಲಿ ಬಹುಕಾಲ ಕಳೆದವನಾದುದರಿಂದ ನನಗೊಂದು ಅಭ್ಯಾಸ ಅಂಟಿಕೊಂಡಿದೆ. ಒಂದು ಪುಸ್ತಕದಲ್ಲಿ ಜಮೆಯಾದದ್ದು ಇನ್ನೊಬ್ಬರ ಪುಸ್ತಕದಲ್ಲಿ ಖರ್ಚಾಗಿ ಕಾಣಿಸಬೇಕು. ಎರಡನ್ನೂ ತಾಳೆ ನೋಡುವವರೆಗೆ ಯಾವುದನ್ನೂ ನಂಬಬಾರದು. ಕಾವ್ಯದ ಇತಿಹಾಸಸೂಚನೆಗಳಿಗೂ ಈ ಅಭ್ಯಾಸವೇ ತಕ್ಕದ್ದೆಂದು ಅನುಭವದಿಂದ ಕಂಡುಕೊಂಡಿದ್ದೇನೆ. ಮೂರು ಉದಾಹರಣೆಗಳನ್ನು ಕೊಡುತ್ತೇನೆ.

ಒಂದನೆಯದು: ಪಂಪನು ತನ್ನ ಅರಸನ ವಂಶಾವಳಿಯನ್ನು ಹೇಳುವಾಗ ಅರಿಕೇಸರಿಯ ತಂದೆ ನರಸಿಂಹನು ಘೂರ್ಜರರಾಜ ಮಹೀಪಾಲನನ್ನು ಊಟ ನಿದ್ರೆಗಳಿಲ್ಲದಂತೆ ಓಡಿಸಿ, ಗಂಗೆ ಕಡಲನ್ನು ಸೇರುವಲ್ಲಿ ತನ್ನ ಕುದುರೆಯನ್ನು ಮೀಯಿಸಿದನೆನ್ನುತ್ತಾನೆ. ತೆಲುಗು ನಾಡಿನ ಒಬ್ಬ ಸಾಮಂತನು ಉತ್ತರದ ಚಕ್ರವರ್ತಿಯನ್ನು ಅಟ್ಟಿದನೆಂಬುದು ಮೊದಲ ನೋಟಕ್ಕೆ ಬರಿಯ ಅತಿಶಯೋಕ್ತಿ. ಆದರೆ ರಾಷ್ಟ್ರಕೂಟ ನಾಲ್ವಡಿ ಗೋವಿಂದನ 930ರ ಖಂಭಾತ ತಾಮ್ರಪಟವು ಅವನ ತಂದೆ ಮುಮ್ಮಡಿ ಇಂದ್ರನ ಸೇನೆ ಯಮುನೆಯನ್ನು ದಾಟಿ ಮಹೋದಯವನ್ನು, ಎಂದರೆ ಕನೌಜನ್ನು, ಹಾಳುಗೆಡವಿತೆಂದು ಹೇಳುತ್ತದೆ. ತಾಮ್ರಪಟವು ಚಕ್ರವರ್ತಿಯ ಕೀರ್ತಿಯನ್ನು ಬರೆದುಕೊಂಡಿದೆ, ಕಾವ್ಯವು ಸಾಮಂತನ ಕೀರ್ತಿಯನ್ನು. ಎರಡನ್ನೂ ಜೋಡಿಸಿದಾಗ ಇಂದ್ರನ ದಂಡಯಾತ್ರೆಯಲ್ಲಿ ನರಸಿಂಹನೂ ಸೇನೆಯೊಡನೆ ಹೋಗಿದ್ದನೆಂಬ ಚಿತ್ರ ಮೂಡುತ್ತದೆ. ಇದು ತಾಳೆಯಾದ ಲೆಕ್ಕ. ಆದರೆ ಅದೇ ವಂಶಾವಳಿಯಲ್ಲಿ ಪೂರ್ವಿಕನಾದ ಯುದ್ಧಮಲ್ಲನು ಐನೂರು ಆನೆಗಳನ್ನು ಎಣ್ಣೆಯ ಬಾವಿಯಲ್ಲಿ ಮೀಯಿಸುತ್ತಿದ್ದನೆಂಬ ಮಾತೂ ಇದೆ. ಒಂದೇ ಮನೆತನದ ಕಾವ್ಯವೂ ಶಾಸನವೂ ಇಂತಹ ಒಂದೇ ಮಾತನ್ನು ಎಷ್ಟು ಸಲ ಆಡಿದರೂ ಸಾಕ್ಷಿ ಎರಡಾಗುವುದಿಲ್ಲ. ಅದು ಮೂಲದ ನಕಲು ಮಾತ್ರ.

ಎರಡನೆಯದು ಇನ್ನೂ ಸೂಕ್ಷ್ಮವಾದದ್ದು. ‘ವಿಕ್ರಮಾರ್ಜುನ ವಿಜಯ’ದ ಒಂಬತ್ತನೆಯ ಆಶ್ವಾಸದಲ್ಲಿ, ಅರ್ಜುನನ ಹಿರಿಮೆಯನ್ನು ಹೇಳುವ ಸಂದರ್ಭದಲ್ಲಿ, ಪಂಪನು ಇದ್ದಕ್ಕಿದ್ದಂತೆ ದ್ವಾಪರವನ್ನು ಬಿಟ್ಟು ತನ್ನ ಕಾಲಕ್ಕೆ ಬರುತ್ತಾನೆ. ಗೊಜ್ಜಿಗನೆಂಬ ಚಕ್ರವರ್ತಿ ಮುನಿದಾಗ ಅರಿಕೇಸರಿಯು ಮರೆಹೊಕ್ಕ ವಿಜಯಾದಿತ್ಯನನ್ನು ಕಾಪಾಡಿದನು. ಗೊಜ್ಜಿಗನನ್ನು ಕೆಳಗಿಳಿಸಿ ಬದ್ದೆಗನಿಗೆ ಸಕಲ ಸಾಮ್ರಾಜ್ಯವನ್ನು ಒಪ್ಪಿಸಿದನು. ಗೊಜ್ಜಿಗನೆಂದರೆ ನಾಲ್ವಡಿ ಗೋವಿಂದ. ಬದ್ದೆಗನೆಂದರೆ ಮುಮ್ಮಡಿ ಅಮೋಘವರ್ಷ. ಬದ್ದೆಗನ ಮಗ ಮುಮ್ಮಡಿ ಕೃಷ್ಣನ 940ರ ದೇವಳಿ ತಾಮ್ರಪಟವು ಗೋವಿಂದನು ಸ್ತ್ರೀಲೋಲುಪನಾಗಿ ಕೆಟ್ಟನೆಂದೂ ಸಾಮಂತರು ಬೇಡಿಕೊಂಡ ಮೇಲೆ ಅಮೋಘವರ್ಷನು ಪಟ್ಟವನ್ನೇರಿದನೆಂದೂ ಹೇಳುತ್ತದೆ. ಪಂಪನ ಪುಸ್ತಕವೂ ಕೃಷ್ಣನ ಪುಸ್ತಕವೂ ತಾಳೆಯಾದವು.

ಇವೆರಡೂ ಗೆದ್ದ ಪಕ್ಷದ ಪುಸ್ತಕಗಳೆಂಬುದನ್ನು ಮರೆಯಲಾಗದು. ಸೋತ ಗೋವಿಂದನ ಪುಸ್ತಕವೂ ಅದೃಷ್ಟದಿಂದ ಉಳಿದಿದೆ. ಅವನ ಖಂಭಾತ ಮತ್ತು ಸಾಂಗಲಿ ತಾಮ್ರಪಟಗಳಲ್ಲಿ ಒಂದು ವಿಚಿತ್ರವಾದ ಶ್ಲೋಕವಿದೆ. ಶಕ್ತಿಯಿದ್ದರೂ ಅವನು ಅಣ್ಣನ ವಿಷಯದಲ್ಲಿ ಕ್ರೌರ್ಯ ತೋರಲಿಲ್ಲ, ಅತ್ತಿಗೆಯ ವಿಷಯದಲ್ಲಿ ಅಪಕೀರ್ತಿಯನ್ನು ತಂದುಕೊಳ್ಳಲಿಲ್ಲ, ತ್ಯಾಗದಿಂದಲೂ ಸಾಹಸದಿಂದಲೂ ಸಾಹಸಾಂಕನಾದನು ಎಂಬುದು ಅದರ ತಾತ್ಪರ್ಯ. ಸಾಹಸಾಂಕನೆಂದರೆ ವಿಕ್ರಮಾದಿತ್ಯ. ಗುಪ್ತ ಚಂದ್ರಗುಪ್ತನು ಅಣ್ಣನನ್ನು ಕೊಂದು ಅತ್ತಿಗೆಯನ್ನು ವರಿಸಿದನೆಂಬ ಐತಿಹ್ಯವನ್ನು ಬಲ್ಲವರಿಗೆ ಮಾತ್ರ ಈ ಶ್ಲೋಕದ ಒಳಗುಟ್ಟು ತೆರೆಯುತ್ತದೆ: ಆ ವಿಕ್ರಮಾದಿತ್ಯನ ಕೀರ್ತಿ ಇವನಿಗುಂಟು, ಕಳಂಕವಿಲ್ಲ. ಗೋವಿಂದನಿಗಿಂತ ಮುಂಚೆ ಪಟ್ಟದಲ್ಲಿದ್ದವನು ಅವನ ಅಣ್ಣನೇ. ಅವನ ಆಳ್ವಿಕೆ ಬೇಗ ಮುಗಿಯಿತು. ಯಾರೂ ಕೇಳದ ಆರೋಪಕ್ಕೆ ಯಾರೂ ಉತ್ತರ ಬರೆಯುವುದಿಲ್ಲ. ಹೊಗಳಿಕೆಯ ವೇಷದಲ್ಲಿರುವ ಈ ಶ್ಲೋಕ ನಿಜವಾಗಿ ಒಂದು ಪ್ರತಿವಾದಪತ್ರ. ಚೀನೀ ಕವಿಗಳ ತೆರೆಯಂತೆ ಇಲ್ಲಿಯೂ ಹಳೆಯ ಹೆಸರೊಂದು ಹೇಳಬಾರದ್ದನ್ನು ಹೇಳಿದೆ.

ಮೂರನೆಯದು ನಮ್ಮ ವಿದ್ಯಾರ್ಥಿನಿ ಕೇಳಿದ ಅಪರಾಜಿತನದು. ತೈಲಪನು 973ರಲ್ಲಿ ಕೊನೆಯ ರಾಷ್ಟ್ರಕೂಟ ಅರಸ ಕಕ್ಕಲನನ್ನು ಕಿತ್ತು ಚಾಳುಕ್ಯ ರಾಜ್ಯವನ್ನು ಮತ್ತೆ ಸ್ಥಾಪಿಸಿದನು. ಅವನ ಮಗ ಸತ್ಯಾಶ್ರಯನು ಕೊಂಕಣದ ಮೇಲೆ ದಂಡೆತ್ತಿ ಬಂದನು. ಆಗ ಇಲ್ಲಿ ಆಳುತ್ತಿದ್ದ ಶಿಲಾಹಾರ ಅರಸನೇ ಅಪರಾಜಿತ. ರನ್ನನು ತನ್ನ ನಾಯಕನ ಪರಾಕ್ರಮವನ್ನು ವರ್ಣಿಸುವಾಗ, ಒಂದು ಕಡೆ ಸಮುದ್ರವೂ ಇನ್ನೊಂದು ಕಡೆ ಇರಿವಬೆಡಂಗನ ಸೇನಾಸಮುದ್ರವೂ ಮುತ್ತಿದಾಗ ಅಪರಾಜಿತನು ಎರಡು ತುದಿಗೂ ಬೆಂಕಿ ಹತ್ತಿದ ಕೊಳ್ಳಿಯ ನಡುವಿನ ಹುಳುವಿನಂತೆ ತತ್ತರಿಸಿದನೆನ್ನುತ್ತಾನೆ. ಅಂಶುನಗರವನ್ನು ಸುಟ್ಟುದನ್ನೂ ಇಪ್ಪತ್ತೊಂದು ಆನೆಗಳನ್ನು ಕಪ್ಪವಾಗಿ ಪಡೆದುದನ್ನೂ ಹೇಳುತ್ತಾನೆ. ಭೀಮನೆಂದರೆ ಸತ್ಯಾಶ್ರಯನಾದುದರಿಂದ ಭೀಮನ ಕಾವ್ಯದಲ್ಲಿ ಅಪರಾಜಿತನಿಗೆ ಸ್ಥಳ ದೊರೆಯಿತು. ಇದು ಅವಳ ಮೊದಲ ಪ್ರಶ್ನೆಗೆ ಉತ್ತರ.

ಹುಳುವಿನ ಆ ಹೋಲಿಕೆ ಈ ನಗರದಲ್ಲಿ ಬಾಳುವವನಿಗೆ ಎಷ್ಟು ಚೆನ್ನಾಗಿ ಅರ್ಥವಾಗುತ್ತದೆ! ಹಿಂದೆ ಘಟ್ಟ, ಮುಂದೆ ಕಡಲು, ನಡುವೆ ಹಿಡಿಯಷ್ಟು ನೆಲ. ಘಟ್ಟವಿಳಿದು ಬಂದ ಸೇನೆಗೆ ಕೊಂಕಣದ ಅರಸ ಸಿಕ್ಕಿಬೀಳುವ ಬಗೆಯನ್ನು ಭೂಗೋಳವೇ ಬರೆದಿಟ್ಟಿದೆ. ರನ್ನನ ಅಲಂಕಾರದ ಒಳಗೆ ಒಂದು ಭೂಪಟವಿದೆ. ಮುಧೋಳದ ಕವಿಗೆ ಕರಾವಳಿಯ ಈ ಸಂಕಟ ತಿಳಿದಿತ್ತು.

ಅಪರಾಜಿತನ ಪುಸ್ತಕವೂ ನಮಗೆ ದೊರೆತಿದೆ. ಭಿವಂಡಿಯ ಬಳಿಯ ಭಾದಾನೆ ಗ್ರಾಮವನ್ನು ಲೋನಾಡಿನ ಸೂರ್ಯದೇವರಾದ ಲೋಣಾದಿತ್ಯನಿಗೆ ದಾನಕೊಟ್ಟ ಶಕ 919ರ, ಎಂದರೆ ಕ್ರಿ. ಶ. 997ರ, ತಾಮ್ರಪಟ ಅವನದು. ದಾನಪತ್ರವು ಸೋಲುಗಳನ್ನು ಬರೆಯುವ ಸ್ಥಳವಲ್ಲ. ಆದರೂ ಅದರಲ್ಲಿ ಒಂದು ದುಃಖವಿದೆ. ರಾಷ್ಟ್ರಕೂಟರು ಅಳಿದು ಎರಡು ದಶಕಗಳ ಮೇಲಾಗಿದ್ದರೂ ಅಪರಾಜಿತನು ತನ್ನ ಶಾಸನದಲ್ಲಿ ಅವರ ವಂಶಾವಳಿಯನ್ನು ಬರೆಯಿಸುತ್ತಾನೆ. ತೈಲಪನು ಕಕ್ಕಲನನ್ನು ಕೆಡವಿದ ಮೇಲೆ ರಟ್ಟರಾಜ್ಯವು ನೆನಪಾಗಿ ಮಾತ್ರ ಉಳಿಯಿತೆಂದು ಮರುಗುತ್ತಾನೆ. ಗೆದ್ದವನಿಗೆ ತಲೆಬಾಗಿ ಅವನ ವಂಶಾವಳಿಯನ್ನು ಬರೆಯಿಸುವುದು ಲಾಭದ ದಾರಿಯಾಗಿತ್ತು. ಅವನು ಹಳೆಯ ಒಡೆಯರ ಹೆಸರನ್ನು ಬರೆಯಿಸಿದನು. ‘ಗದಾಯುದ್ಧ’ದಲ್ಲಿ ಹುಳುವಿನಂತೆ ಕಾಣುವ ವ್ಯಕ್ತಿ ತಾಮ್ರಪಟದಲ್ಲಿ ಋಣವನ್ನು ಮರೆಯದ ಮನುಷ್ಯನಾಗಿ ಕಾಣುತ್ತಾನೆ.

ಆ ಹಳೆಯ ಒಡೆಯರು ಯಾರು? ಬೋರಿವಲಿಯ ಬಳಿಯ ಕಾನ್ಹೇರಿ ಗುಹೆಗಳಿಗೆ ಹೋದವರು ಅಲ್ಲಿಯ ಶಿಲಾಹಾರ ಕಾಲದ ಶಾಸನಗಳನ್ನು ಜ್ಞಾಪಿಸಿಕೊಳ್ಳಬೇಕು. ಬೌದ್ಧಸಂಘಕ್ಕೆ ಕೊಟ್ಟ ದಾನಗಳನ್ನು ಹೇಳುವ ಶಕ 775 ಮತ್ತು 799ರ ಶಾಸನಗಳಲ್ಲಿ ಸಾಮಂತ ಕಪರ್ದಿಯ ಜೊತೆಗೆ ಸಾರ್ವಭೌಮನಾಗಿ ಅಮೋಘವರ್ಷನ ಹೆಸರಿದೆ. ಕಾವೇರಿಯಿಂದ ಗೋದಾವರಿಯವರೆಗೆ ಕನ್ನಡನಾಡಿನ ಎಲ್ಲೆಯನ್ನು ಹೇಳಿದ ‘ಕವಿರಾಜಮಾರ್ಗ’ ರಚಿತವಾದದ್ದು ಅದೇ ನೃಪತುಂಗನ ಆಸ್ಥಾನದಲ್ಲಿ. ಅಪರಾಜಿತನು ಮರುಗಿದ್ದು ಆ ನೃಪತುಂಗನ ವಂಶಕ್ಕಾಗಿ. ಎಂದಮೇಲೆ ‘ಗದಾಯುದ್ಧ’ದ ಈ ಸೂಚನೆಯಲ್ಲಿ ಕನ್ನಡಿಗರು ಒಂದು ಪಕ್ಷ, ಪರರು ಇನ್ನೊಂದು ಪಕ್ಷ ಎಂದು ಎಣಿಸುವುದು ಹೇಗೆ? ಕನ್ನಡದ ಒಂದು ರಾಜಮನೆತನದ ಪತನವನ್ನು ಕೊಂಕಣದ ಅರಸ ಸಂಸ್ಕೃತದಲ್ಲಿ ಅಳುತ್ತಾನೆ. ಅದನ್ನು ಬೀಳಿಸಿದ ಇನ್ನೊಂದು ಮನೆತನವನ್ನು ಕನ್ನಡದ ಕವಿ ಹೊಗಳುತ್ತಾನೆ.

ಇಷ್ಟರಿಂದ ಓದುವ ಕ್ರಮವನ್ನು ಕುರಿತು ಕೆಲವು ಮಾತುಗಳನ್ನು ಹೇಳಬಹುದು. ಸೂಚನೆ ಯಾರ ಪುಸ್ತಕದಲ್ಲಿದೆ ಎಂಬುದನ್ನು ಮೊದಲು ಕೇಳಬೇಕು. ಎರಡನೆಯ ಸಾಕ್ಷಿ ಬೇರೆ ಕೈಯದೋ ಮೊದಲನೆಯದರ ನಕಲೋ ಎಂಬುದನ್ನು ನೋಡಬೇಕು. ರನ್ನನು 993ರ ‘ಅಜಿತಪುರಾಣ’ದಲ್ಲಿ ತನ್ನ ಆಶ್ರಯದಾತೆ ಅತ್ತಿಮಬ್ಬೆಯನ್ನು ಹೊಗಳಿದ್ದು ಬರಿಯ ಉಪಚಾರವಲ್ಲವೆಂದು 1007ರ ಲಕ್ಕುಂಡಿಯ ಶಾಸನ ತೋರಿಸುತ್ತದೆ. ಪಂಪನಿಗೆ ಧರ್ಮಪುರದ ಅಗ್ರಹಾರ ದೊರೆತುದನ್ನು ಅವನ ತಮ್ಮ ಜಿನವಲ್ಲಭನು ಕರೀಂನಗರ ಸೀಮೆಯ ಕುರಿಕ್ಯಾಲದ ಬಂಡೆಯ ಮೇಲೆ ಸಂಸ್ಕೃತ, ಕನ್ನಡ, ತೆಲುಗು ಮೂರು ಭಾಷೆಗಳಲ್ಲಿ ಕೆತ್ತಿಸಿದ್ದಾನೆ. ಅವನು ಮನೆಯವನೇ ಆದರೂ ದಾನ ಪಡೆದ ನಾಡಿನ ಬಂಡೆಯ ಮೇಲೆ ಎಲ್ಲರೂ ಓದುವಂತೆ ಸುಳ್ಳನ್ನು ಕೆತ್ತಿಸುವುದು ಸುಲಭವಲ್ಲ. ಕೊನೆಯದಾಗಿ, ಬೀಗದ ಕೈ ಸಿಕ್ಕಿತೆಂದು ಮನೆಯನ್ನು ಮರೆಯಬಾರದು. ಭೀಮನೆಂದರೆ ಸತ್ಯಾಶ್ರಯನೆಂದು ತಿಳಿದೊಡನೆ ‘ಗದಾಯುದ್ಧ’ ಮುಗಿಯುವುದಿಲ್ಲ. ಹೊಗಳಿಕೆಗಾಗಿ ಹೊರಟ ಆ ಕಾವ್ಯದಲ್ಲಿ ರಣರಂಗದ ಹೆಣಗಳ ನಡುವೆ ತಮ್ಮನನ್ನೂ ಗೆಳೆಯನನ್ನೂ ಮಗನನ್ನೂ ಕಂಡು ಅಳುವ ದುರ್ಯೋಧನನೇ ನಮ್ಮ ಮನಸ್ಸಿನಲ್ಲಿ ನಿಲ್ಲುತ್ತಾನೆ. ಸೋಲುವವನ ದುಃಖಕ್ಕೆ ಅಷ್ಟು ಎಡೆಗೊಟ್ಟ ಕವಿಯನ್ನು ಬರಿಯ ಹೊಗಳುಭಟನೆಂದು ಕರೆಯಲಾಗದು.

ಇಲ್ಲಿಗೆ ಆ ಹುಡುಗಿಯ ಎರಡನೆಯ ಪ್ರಶ್ನೆಗೆ ಬಂದೆನು. ಒಂದು ಕಾಲದಲ್ಲಿ ಈ ನೆಲ ನಮ್ಮದಾಗಿತ್ತು ಎಂಬ ಹೆಮ್ಮೆಗೆ ಇಂತಹ ಸೂಚನೆಗಳನ್ನು ಆಧಾರ ಮಾಡಿಕೊಳ್ಳುವುದು ಹೊರನಾಡಿನಲ್ಲಿರುವ ನಮ್ಮಲ್ಲಿ ಅಪರೂಪವಲ್ಲ. ಆದರೆ ಅಂಶುನಗರದ ಬೆಂಕಿಯಲ್ಲಿ ಹೆಮ್ಮೆಪಡತಕ್ಕದ್ದು ಏನೂ ಇಲ್ಲ. ನಮಗೆ ಅನ್ನ ಕೊಟ್ಟು ನಮ್ಮ ಮಕ್ಕಳನ್ನು ಬೆಳೆಸಿದ ನೆಲವಿದು. ರನ್ನನನ್ನು ಬಿಡಬೇಕಾಗಿಲ್ಲ, ರನ್ನನ ಪಕ್ಕದಲ್ಲಿ ಭಾದಾನೆಯ ತಾಮ್ರಪಟವನ್ನೂ ಇಟ್ಟು ಓದಬೇಕು. ಊರಿನಲ್ಲಿರುವ ಕನ್ನಡಿಗನಿಗೆ ಕವಿಯ ಪುಸ್ತಕವೊಂದೇ ಹತ್ತಿರವಾದೀತು. ಮುಂಬಯಿಯ ಕನ್ನಡಿಗನಿಗೆ ಎರಡೂ ಪುಸ್ತಕಗಳು ಮನೆಯವೇ. ಎರಡನ್ನೂ ತಾಳೆ ನೋಡುವ ಕೆಲಸಕ್ಕೆ ಅವನಿಗಿಂತ ತಕ್ಕವನು ಯಾರು?

ಮುಂದಿನ ತಿಂಗಳ ವಾಚನದಲ್ಲಿ ಈ ಮಾತನ್ನು ಅವಳಿಗೆ ಹೇಳಿದೆನು. ಅವಳು ಸ್ವಲ್ಪ ಯೋಚಿಸಿ, ಹಾಗಾದರೆ ಆ ತಾಮ್ರಪಟದ ಭಾಗವನ್ನೂ ಒಂದು ದಿನ ಓದೋಣವೇ ಎಂದಳು. ಓದಬೇಕೆಂದು ನಿಶ್ಚಯಿಸಿದ್ದೇವೆ. ಹಳಗನ್ನಡ ಕಾವ್ಯಗಳನ್ನು ಇಲ್ಲಿಯ ಮಕ್ಕಳ ಮುಂದೆ ಇಡುವವರು ಪದಗಳ ಅರ್ಥದ ಜೊತೆಗೆ ಹೆಸರುಗಳ ಅರ್ಥವನ್ನೂ ಬಿಡಿಸಿ ಹೇಳಬೇಕೆಂದು ನನ್ನ ಬಿನ್ನಹ. ಕವಿ ಓದುಗನ ನೆನಪನ್ನು ನೆಚ್ಚಿ ಬರೆದನು. ಊರು ಬಿಟ್ಟು ಬಂದ ನಮ್ಮಲ್ಲಿ ಆ ನೆನಪು ತಾನಾಗಿ ಒದಗುವುದಿಲ್ಲ. ಅದನ್ನು ಕೂಡಿಟ್ಟು ಮುಂದಿನವರ ಕೈಗೆ ಒಪ್ಪಿಸಬೇಕಾಗಿದೆ.